ಹೆಬ್ಬೆರಳು ಹೇಳದ ಹರಿತ

ನಾನೂರ ಐವತ್ತು ರೂಪಾಯಿ ಮತ್ತು ಎಡಗೈಯ ಅರ್ಧ ಹೆಬ್ಬೆರಳು: ನನ್ನ ಸಾಣೆಕಲ್ಲಿಗೆ ಬಿದ್ದ ಒಟ್ಟು ಖರ್ಚು ಇಷ್ಟು. ರೂಪಾಯಿಯ ಮಟ್ಟಿಗೆ ಗೆದ್ದವನು ನಾನೇ. ಚಿಕ್ಕಬಳ್ಳಾಪುರದ ಅಂಗಡಿಯವನು ಏಳುನೂರು ಹೇಳಿದ್ದನ್ನು, ಬೇಡವೆಂದು ಮೆಟ್ಟಿಲಿಳಿದು ಹೊರಟವನಂತೆ ನಟಿಸಿ, ಅಷ್ಟಕ್ಕೆ ತಂದು ನಿಲ್ಲಿಸಿದ್ದೆ. ಬೆರಳಿನ ವಿಷಯದಲ್ಲಿ ಮಾತ್ರ ಹೇಳಿದ ಬೆಲೆಯನ್ನೇ ತೆರಬೇಕಾಯಿತು. ಹೇಗೆಂದು ಹೇಳುತ್ತೇನೆ, ಕೇಳಿ. ನಿಮ್ಮ ಮನೆಯಲ್ಲಿ ಉಳಿ ಇರಲಿಕ್ಕಿಲ್ಲ, ಬೆರಳುಗಳಂತೂ ಇದ್ದೇ ಇರುತ್ತವೆ.

ಗೌರಿಬಿದನೂರಿನಿಂದ ನಗರಗೆರೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಮರಗೆಲಸದ ಶೆಡ್ಡು. ಕೂಲಿಗೆಂದು ಬಂದು, ಮಾತಿನ ಬಲದಿಂದಲೂ ಮೈಬಲದಿಂದಲೂ ಯಜಮಾನನಾದ ನನಗೆ ಯಂತ್ರಗಳ ಮೇಲೆ ದ್ವೇಷವೇನಿಲ್ಲ. ಶೆಡ್ಡಿನಲ್ಲಿ ಅವು ಹಗಲೆಲ್ಲ ಕಿರುಚುತ್ತಿರುತ್ತವೆ. ಆದರೆ ಉಳಿಗೆ, ಮರದ ಮೈ ಕೀಸಿ ನುಣುಪು ಮಾಡುವ ತೋಪಡದ ಬ್ಲೇಡಿಗೆ ಸಾಣೆ ಹಿಡಿಯುವುದನ್ನು ಮಾತ್ರ ನಾನು ಅವುಗಳಿಗೆ ಒಪ್ಪಿಸಿದವನಲ್ಲ. ಗ್ರೈಂಡರಿಗೆ ಕೊಟ್ಟ ಉಕ್ಕು ಕಾದು ನೀಲಿಗಟ್ಟಿ ಹದಗೆಡುತ್ತದೆ, ತೇಗದ ಮೊದಲನೆಯ ಗಂಟಿಗೇ ಹಲ್ಲುಹಲ್ಲಾಗುತ್ತದೆ. ನೀರು ಚಿಮುಕಿಸಿದ ಕಲ್ಲಿನ ಮೇಲೆ ಒಂದೇ ಓರೆಯಲ್ಲಿ, ಅವಸರವಿಲ್ಲದೆ ತಿಕ್ಕುತ್ತ ಹೋದರೆ, ಅಲಗಿನ ಹಿಂಬದಿಗೆ ಕೂದಲಿಗಿಂತ ಸಣ್ಣದಾದ ಉಕ್ಕಿನ ಎಳೆಯೊಂದು ಮಡಚಿಕೊಂಡು ನಿಲ್ಲುತ್ತದೆ. ಮಗುಚಿ ಆ ಎಳೆಯನ್ನು ತೆಗೆದರೆ ಕೆಲಸ ಮುಗಿದಂತೆ. ಅದು ಕಣ್ಣಿಗೆ ಕಾಣುವ ಪದಾರ್ಥವಲ್ಲ. ಎಡಗೈ ಹೆಬ್ಬೆರಳನ್ನು ಅಡ್ಡಲಾಗಿ ಸವರಿದಾಗ ಚರ್ಮಕ್ಕೆ ಸಣ್ಣಗೆ ತಡೆಯುತ್ತದೆ, ಅಷ್ಟೆ. ನನ್ನ ಹೆಬ್ಬೆರಳಿನ ಆ ತೀರ್ಪಿನ ಮೇಲೆ ಇಡೀ ಸಂಸಾರ ನಡೆದಿದೆ. ಅಕ್ಷರಕ್ಕೂ ನನಗೂ ಅಷ್ಟಕ್ಕಷ್ಟೇ ಆದ್ದರಿಂದ, ಬೆರಳನ್ನೇ ನನ್ನ ವಿಶ್ವವಿದ್ಯಾನಿಲಯವೆಂದು ಕೊಚ್ಚಿಕೊಂಡದ್ದೂ ಉಂಟು.

ವಿದುರಾಶ್ವತ್ಥದ ಕಡೆಯವರೊಬ್ಬರು ಹೊಸ ಮನೆಗೆ ತೇಗದ ತಲೆಬಾಗಿಲು ಕೆತ್ತಲು ಕೊಟ್ಟಿದ್ದರು. ಅದಕ್ಕೆಂದೇ ಈ ಹೊಸ ಕಲ್ಲು ತಂದದ್ದು. ತಂದು ಉಳಿ ತಿಕ್ಕಿದೆ. ಹೆಬ್ಬೆರಳಿಗೆ ಏನೂ ತಡೆಯಲಿಲ್ಲ. ಮತ್ತೆ ತಿಕ್ಕಿದೆ, ಮತ್ತೆ ಸವರಿದೆ; ಏನೂ ಇಲ್ಲ. ಅಗ್ಗಕ್ಕೆ ಕೊಟ್ಟನೆಂದರೆ ಕಲ್ಲಿನಲ್ಲೇ ಮೋಸವಿರಬೇಕೆಂದು, ಚೌಕಾಸಿಯಲ್ಲಿ ಗೆದ್ದ ಮನುಷ್ಯನಿಗೆ ಸಹಜವಾದ ಸಂಶಯ ಹುಟ್ಟಿತು. ಬಸ್ಸು ಹತ್ತಿ ಹೋಗಿ ಅಂಗಡಿಯ ಮುಂದೆ ನಿಂತು, ಗಿರಾಕಿಗಳು ಕೇಳುವಂತೆ ದನಿ ಎತ್ತಿದೆ.

“ಬಚ್ಚಲಿಗೆ ಹಾಸೋ ಕಲ್ಲು ಕೊಟ್ಟಿದ್ದೀಯಲ್ಲಪ್ಪ, ಇದ್ರಲ್ಲಿ ಹಿಮ್ಮಡಿ ತಿಕ್ಕೋಬೇಕಾ?”

ಅವನು ಕಲ್ಲನ್ನು ತಿರುಗಿಸಿ ನೋಡಿದ, ನನ್ನ ಮುಖವನ್ನೂ ನೋಡಿದ. “ಪೋನೀಲೆ, ಹೋಗ್ಲಿ ಬಿಡು ಅಣ್ಣಾ, ಕಲ್ಲಿಗೇನೂ ಆಗಿಲ್ಲ. ಆದ್ರೂ ನಿನ್ನ ಬಾಯಿಗೆ ಹೆದರಿ ಇನ್ನೊಂದು ಕೊಡ್ತೀನಿ, ತಗೊಂಡೋಗು ಮಾರಾಯ.”

ಗೆದ್ದ ಸಂತೋಷದಲ್ಲಿ ಊರಿಗೆ ಬಂದೆ. ಬಂದವನು ಶೆಡ್ಡಿನ ಬಾಗಿಲಲ್ಲೇ ಕೂತು, ಉಕ್ಕಿನ ಕಪ್ಪು ಗಸಿ ಕೈಗೆಲ್ಲ ಮೆತ್ತುವಂತೆ ತಿಕ್ಕುತ್ತ, ಸವರುತ್ತ, ಬೈಯುತ್ತ ಇದ್ದಾಗ ಊಟಕ್ಕೆ ಕರೆಯಲು ಬಂದ ನನ್ನ ಹೆಂಡತಿ ರತ್ನಮ್ಮ ಹೊಸ್ತಿಲಲ್ಲೇ ನಿಂತಳು.

“ರೀ, ನೆಲದ ಮೇಲೆ ಇದೇನ್ರೀ ಕೆಂಪಗೆ?”

“ಚಪ್ಪಲಿಗೆ ಮೆತ್ತಿದ ಕೆಮ್ಮಣ್ಣಿರ್ಬೇಕು ಕಣೇ.”

“ಕೆಮ್ಮಣ್ಣು ನಿಮ್ಮ ಬೆರಳಿಂದ ತೊಟ್ಟಿಕ್ತಾ ಐತೆ!”

ಗಸಿ ತೊಳೆದು ನೋಡಿದರೆ, ಹೆಬ್ಬೆರಳ ತುದಿ ಮೀನಿನ ಕಿವಿರಿನ ಹಾಗೆ ಸೀಳುಸೀಳಾಗಿತ್ತು. ಉಳಿ ಮೊದಲ ಸಲಕ್ಕೇ ಹರಿತವಾಗಿತ್ತು; ಆಮೇಲೆ ನಾನು ಸವರಿದ್ದೆಲ್ಲ ನನ್ನನ್ನೇ ಕೆತ್ತಿಕೊಂಡದ್ದು. ನನಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಿತ್ತು. ಅದು ಬೆರಳಿನೊಳಗಿನ ಅರಿವನ್ನು ಸದ್ದಿಲ್ಲದೆ ತಿಂದುಹಾಕುತ್ತದೆಂಬುದು ಗೊತ್ತಿರಲಿಲ್ಲ. ನೋಯುತ್ತಿಲ್ಲವಲ್ಲ ಎಂದು ಅರಿಶಿನ ಒತ್ತಿ, ಬಟ್ಟೆ ಸುತ್ತಿ, ಬಾಗಿಲಿನ ಕೆಲಸ ಮುಂದುವರಿಸಿದೆ. ನೋವೆಂಬುದು ನಮ್ಮ ಪರವಾಗಿ ಕೂಗುವ ಏಕೈಕ ಸಾಕ್ಷಿ. ಅದು ಬಾಯಿ ಮುಚ್ಚಿದ ಮೇಲೆ ಗಾಯಕ್ಕೆ ಯಾರ ಭಯ? ಬಟ್ಟೆ ಬಿಚ್ಚುವ ಹೊತ್ತಿಗೆ ಬೆರಳು ಕಪ್ಪಾಗಿತ್ತು, ರತ್ನಮ್ಮ ಮೂಗಿಗೆ ಸೆರಗು ಹಿಡಿದಿದ್ದಳು.

ಆಸ್ಪತ್ರೆಯ ಡಾಕ್ಟರು ಗಂಟಿನವರೆಗೆ ತೆಗೆಯಬೇಕೆಂದರು. “ಎಡಗೈ ಹೆಬ್ಬೆರಳಿಲ್ಲದೆ ಉಳಿ ಹಿಡಿಯೋದು ಹೆಂಗೆ ಸಾರ್? ಉಗುರಿಗೇ ಮುಗಿಸಿ,” ಎಂದೆ. ಅವರು ಬೇಡವೆಂದರು, ನಾನು ಬಿಡಲಿಲ್ಲ, ರತ್ನಮ್ಮ ಅಳುತ್ತಿದ್ದಳು. ಕಡೆಗೆ, ಪ್ರಯತ್ನ ಮಾಡಿ ನೋಡೋಣವೆಂದು ತುದಿಯಷ್ಟನ್ನೇ ತೆಗೆದರು. ಡಾಕ್ಟರನ್ನು ಒಪ್ಪಿಸಿದೆ, ಕೀವು ಒಪ್ಪಲಿಲ್ಲ. ಮತ್ತೊಮ್ಮೆ ಮಲಗಿ, ಅವರು ಮೊದಲೇ ಹೇಳಿದ್ದಷ್ಟನ್ನು ಪೂರ್ತಿಯಾಗಿ ಕೊಟ್ಟು ಎದ್ದು ಬಂದೆ.

ನಾಲ್ಕು ಬೆರಳು ಮತ್ತು ಒಂದು ಮೋಟಿನ ನಡುವೆ ಹಿಡಿದ ಉಳಿ, ಕೊಡತಿಯ ಏಟಿಗೆ ತಿರುಗಿಕೊಳ್ಳುತ್ತದೆ. ಅರ್ಧ ಕೆತ್ತಿದ ಬಾಗಿಲನ್ನು ಅದರ ಯಜಮಾನರು, “ನೀವು ಸುಧಾರಿಸ್ಕೊಳ್ಳಿ, ಆಮೇಲೆ ನೋಡಣ” ಎಂದು ಬಹಳ ಮರ್ಯಾದೆಯಿಂದಲೇ ಚಿಂತಾಮಣಿಯ ಬಡಗಿಗಳಿಗೆ ಸಾಗಿಸಿದರು. ನಾನು ಬರೆದ ಗೆರೆಯ ಮೇಲೆ ಬೇರೆಯವರ ಉಳಿ ಓಡಿತು. ಈಗ ಶೆಡ್ಡಿನಲ್ಲಿ ನನ್ನದು ಬರೀ ಮಾತಿನ ಕೆಲಸ. ಅದರಲ್ಲಿ ನಾನು ನಿಪುಣನೆಂದು ಎಲ್ಲರೂ ಹೇಳುತ್ತಾರೆ, ನನಗೆ ಮಾತ್ರ ಅದು ಹೊಗಳಿಕೆಯಾಗಿ ಕೇಳುವುದಿಲ್ಲ.

ಆದ್ದರಿಂದ ಹೇಳುತ್ತೇನೆ. ಅಲಗನ್ನು ಬೆರಳಿನಲ್ಲಿ ಪರೀಕ್ಷಿಸಬೇಡಿ. ಹಳೆಯ ಪೇಪರಿನ ಅಂಚನ್ನು ಗಾಳಿಯಲ್ಲಿ ಹಿಡಿದು ಕೊಯ್ದು ನೋಡಿ, ಹರಿಯದೆ ಕೊಯ್ದರೆ ಸಾಣೆ ಸಾಕು. ಸಕ್ಕರೆ ಕಾಯಿಲೆಯಿದ್ದರೆ, ನೀವು ಬಡಗಿಯಾಗಿರಲಿ ಗುಮಾಸ್ತರಾಗಿರಲಿ, ಆಗಾಗ ಕಣ್ಣು ಮುಚ್ಚಿಕೊಂಡು ಕೂತು, ಮನೆಯವರ ಕೈಯಲ್ಲಿ ಚೂರು ಹತ್ತಿ ಕೊಟ್ಟು, ಕೈಬೆರಳು ಕಾಲ್ಬೆರಳುಗಳನ್ನು ಒಂದೊಂದಾಗಿ ಮುಟ್ಟಲು ಹೇಳಿ. ಅವರು ಮುಟ್ಟುತ್ತಿರುವಾಗಲೇ ನೀವು “ಇನ್ನೂ ಶುರು ಮಾಡ್ಲಿಲ್ವಾ?” ಎಂದು ಕೇಳಿದಿರೋ, ಊಟವನ್ನು ಕೂಡ ಆಮೇಲೆ ಮಾಡಿ, ಮೊದಲು ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಗೆ ಹೊರಡಿ. ಅಲ್ಲಿ ಹೇಳಿದ್ದಕ್ಕೆ ಎದುರು ಬೆಲೆ ಕಟ್ಟಬೇಡಿ.