ಠಾಣೆಯಲ್ಲಿ ಇಳಿಯಬೇಕಿದ್ದ ಆಂಟಿ

ಫ್ರೆಂಡ್ಸ್, ಇನ್ನು ಮುಂಬೈ ಲೋಕಲ್ ಟ್ರೇನಿನಲ್ಲಿ ಕನ್ನಡ ಮಾತಾಡಬಾರದು ಅಂತ ಇವತ್ತು ತೀರ್ಮಾನ ಮಾಡಿದ್ದೇನೆ.

ಪ್ರಾಕ್ಟಿಕಲ್ ಪರೀಕ್ಷೆ ಮುಗಿಸಿ ದಾದರಿನಲ್ಲಿ ಫಾಸ್ಟ್ ಲೋಕಲ್ ಹತ್ತಿದಾಗ ನಿಲ್ಲುವುದಕ್ಕೂ ಜೀವ ಇರಲಿಲ್ಲ. ಲೇಡೀಸ್ ಡಬ್ಬಿಯ ಪದ್ಧತಿಯಂತೆ, ಕೂತಿದ್ದ ಒಬ್ಬ ಆಂಟಿಯನ್ನು ಎಲ್ಲಿ ಇಳಿಯೋದು ಅಂತ ಹಿಂದಿಯಲ್ಲಿ ಕೇಳಿದೆ. "ಠಾಣಾ" ಅಂದರು. ಅಂದರೆ ಠಾಣೆ ಸ್ಟೇಷನ್ನಿಂದ ನಾನಿಳಿಯುವ ಡೊಂಬಿವಲಿವರೆಗೆ ಆ ಸೀಟು ನನ್ನದು.

ಅಷ್ಟರಲ್ಲಿ ಅಜ್ಜಿಯ ಫೋನ್ ಬಂತು. ಕುಂದಾಪ್ರ ಕನ್ನಡದಲ್ಲಿ ನಾಲ್ಕು ಮಾತಾಡಿ ಇಟ್ಟೆ.

ಆಂಟಿಯ ಮುಖ ಅರಳಿತು. "ನಮ್ಮೂರ್ ಹೆಣ್ಣಾ! ಯಾರ್ ಮನಿದು?"

ದೊಡ್ಡಪ್ಪನ ಹೋಟೆಲಿಂದ ಶುರುವಾಗಿ ನನ್ನ ಯಕ್ಷಗಾನ ಕ್ಲಾಸಿನವರೆಗೆ ಎಲ್ಲ ವಿಚಾರಿಸಿದರು. ಮುಲುಂಡ್ ದಾಟುವಾಗ ದೂರದ ಸಂಬಂಧವೂ ಸಿಕ್ಕಿತು. ಠಾಣೆ ಬಂತು. ಹಿಂದಿಯಲ್ಲಾಗಿದ್ದರೆ "ಉಠೋ" ಅಂದುಬಿಡುತ್ತಿದ್ದೆ. ಸಂಬಂಧಿಕರಿಗೆ ಏಳಿ ಅನ್ನೋದು ಹೇಗೆ? ಠಾಣೆ ಹೋಯಿತು.

"ಅಯ್ಯೋ, ಇಳೂದೇ ಮರ್ತ್ ಹೋಯ್ತ್ ಕಾಣ್!" ಅಂದರು, ಕೂತಲ್ಲಿಂದಲೇ.

ಮುಂದಿನ ಸ್ಟಾಪೇ ಡೊಂಬಿವಲಿ. ಇಬ್ಬರೂ ಒಟ್ಟಿಗೆ ಇಳಿದೆವು. ಅವರು ವಾಪಸ್ ಹೋಗುವ ಟ್ರೇನಿಗೆ ಓಡಿದರು.

ಮನೆಗೆ ಬಂದು ಕಾಲು ನೀಡಿ ಕೂತು ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮನಿಗೆ ನಿಜಕ್ಕೂ ಬೇಜಾರಾಯಿತು.

"ಡೊಂಬಿವಲಿವರೆಗೆ ಬಂದವ್ರನ್ನ ಒಂದ್ ಚಾ ಕೊಡ್ದೇ ಕಳ್ಸಿದ್ಯಾ?"