ನಾಲ್ಕನೇ ನಂಬರಿನ ಬಸ್ಸು

ನಮ್ಮ ಆಲೂರು ಕಡೆ ಮಳೆಗಾಲ ಕಳೆದು ಮೊದಲ ಗಟ್ಟಿ ಬಿಸಿಲು ಬಿದ್ದ ದಿನ ಮನೆಯೊಳಗಿನ ಬಟ್ಟೆಬರೆಯೆಲ್ಲ ಅಂಗಳಕ್ಕೆ ಬರುತ್ತದೆ. ಮೊನ್ನೆ ಹಾಗೆ ಬೂಷ್ಟು ಹಿಡಿದ ಬಟ್ಟೆಗಳನ್ನು ಕೊಡವುತ್ತಿದ್ದ ನನ್ನ ಹೆಂಡತಿ, ಹಳೆಯ ಜರ್ಕಿನ್ನೊಂದನ್ನು ಎತ್ತಿ ಹಿಡಿದು, ಇದೇನ್ರೀ ಎದೆ ಮೇಲೆ ನಂಬರು ಎಂದು ಕೇಳಿದಳು. ಹಳದಿ ಬಣ್ಣದ ದುಂಡನೆಯ ಸ್ಟಿಕ್ಕರು. ನಡುವೆ ನಾಲ್ಕು ಎಂಬ ಅಂಕಿ. ಅಂಚು ಕಪ್ಪಾಗಿತ್ತು, ಅಂಟು ಮಾತ್ರ ಬಿಟ್ಟಿರಲಿಲ್ಲ. ಉಗುರಿನಿಂದ ಕೆರೆಯಲು ಹೋದವನು ಅರ್ಧಕ್ಕೇ ಬಿಟ್ಟು ಒಳಗೆ ಬಂದು ಕೂತೆ.

ಹಡಗಿನ ಪ್ರವಾಸ ಮಾಡಿದವರಿಗೆ ಈ ಸ್ಟಿಕ್ಕರು ಏನೆಂದು ಗೊತ್ತಿರುತ್ತದೆ. ಮಾಡದವರಿಗೆ ಹೇಳುತ್ತೇನೆ, ನಾನೂ ಅರವತ್ತು ದಾಟುವವರೆಗೆ ಮಾಡದವನೇ. ಹಡಗು ಒಂದೊಂದು ಬಂದರಿನಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ನಿಲ್ಲುತ್ತದೆ. ಅಷ್ಟರೊಳಗೆ ಇಳಿದು, ಊರು ನೋಡಿ, ಹಿಂದಿರುಗಿಬಿಡಬೇಕು. ತಡವಾದರೆ ಅದು ಯಾರಿಗೂ ಕಾಯುವುದಿಲ್ಲ. ಇಳಿದವರಲ್ಲಿ ಯಾರು ಯಾವ ಬಸ್ಸಿನವರೆಂದು ತಿಳಿಯಲು ಎದೆಗೆ ನಂಬರು ಅಂಟಿಸುತ್ತಾರೆ. ಮಂಗಳೂರಿನ ಆ ಸೆಕೆಯಲ್ಲಿ ಜರ್ಕಿನ್ ತೊಟ್ಟು, ಅದರ ಮೇಲೆ ನಂಬರು ಅಂಟಿಸಿಕೊಂಡವನು ನಾನೊಬ್ಬನೇ. ನಾಲ್ಕನೇ ಬಸ್ಸಿನ ಯಜಮಾನ ಎದ್ದು ಕಾಣಬೇಕಲ್ಲ.

ನಾನು ಜೂನಿಯರ್ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಭೂಗೋಳ ಹೇಳಿದವನು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ. ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಪಶ್ಚಿಮ ಕರಾವಳಿಯ ಬಂದರುಗಳನ್ನು ಮೇಲಿನಿಂದ ಕೆಳಗೆ ಒಂದೇ ಉಸಿರಿನಲ್ಲಿ ಮಕ್ಕಳಿಂದ ಹೇಳಿಸುತ್ತಿದ್ದ ಈ ಮೇಷ್ಟ್ರು ಹಡಗನ್ನೇ ಕಂಡಿರಲಿಲ್ಲ. ಹಾಸನದ ನಿವೃತ್ತ ಉಪನ್ಯಾಸಕರೆಲ್ಲ ಸೇರಿ ಒಮ್ಮೆ ಹಡಗಿನಲ್ಲಿ ಹೋಗಿಬರೋಣ ಎಂದಾಗ ಮೊದಲು ಕೈ ಎತ್ತಿದೆ. ಮುಂಬೈನಲ್ಲಿ ಹತ್ತಿ, ಗೋವಾ, ಮಂಗಳೂರು ನೋಡಿ ಕೊಚ್ಚಿಯಲ್ಲಿ ಇಳಿಯುವುದು. ಮನೆಯವರೂ ಸೇರಿ ಇಪ್ಪತ್ತೆರಡು ಜನ. ನನ್ನ ಹೆಂಡತಿ ನೀರಿನ ಮೇಲೆ ಮಲಗುವುದು ತನ್ನ ಕೈಲಾಗದು, ಅಕ್ಕನನ್ನು ಕರೆದುಕೊಂಡು ಹೋಗಿ, ಅವರಾದರೂ ಏನು ಕಂಡಿದ್ದಾರೆ ಎಂದಳು. ಅವಳ ಮಾತು ನ್ಯಾಯವಾಗಿಯೇ ಇತ್ತು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಾವು ಹುಟ್ಟಿದ್ದು ಪಾಳ್ಯದ ಹತ್ತಿರವಾದರೂ ಬೆಳೆದದ್ದು ಸಕಲೇಶಪುರದ ಆಚೆಯ ಒಂದು ಕಾಫಿ ಎಸ್ಟೇಟಿನ ಲೈನಿನಲ್ಲಿ. ಲೈನು ಎಂದರೆ ಒಂದೇ ಗೋಡೆಗೆ ಅಂಟಿಸಿದಂತೆ ಹನ್ನೆರಡು ಕೋಣೆಗಳ ಕೂಲಿಮನೆ. ಅಪ್ಪ ತೀರಿಕೊಂಡಾಗ ಅಕ್ಕ ಮೂರನೇ ಕ್ಲಾಸು ಬಿಟ್ಟು ಕಾಫಿ ಹಣ್ಣು ಕೊಯ್ಯಲು ಹೋದಳು. ನಾನು ಬಾಳ್ಳುಪೇಟೆಯ ಹೈಸ್ಕೂಲಿಗೆ, ಆಮೇಲೆ ಹಾಸನದ ಕಾಲೇಜಿಗೆ ಹೋದೆ. ಇಷ್ಟನ್ನು ನಾನು ಬೀಳ್ಕೊಡುಗೆಯ ಭಾಷಣದಲ್ಲೂ ಹೇಳಿ ಚಪ್ಪಾಳೆ ತೆಗೆದುಕೊಂಡಿದ್ದೇನೆ. ಹೇಳದೆ ಬಿಟ್ಟದ್ದು ಪಕ್ಕದ ಕೋಣೆಯ ಸೇಸಮ್ಮನ ವಿಷಯ.

ಸೇಸಮ್ಮ ಘಟ್ಟದ ಕೆಳಗಿನವಳು. ಕೊಯ್ಲಿನ ಕಾಲಕ್ಕೆ ಮೇಲೆ ಬಂದು, ಮುಗಿದ ಮೇಲೆ ಇಳಿದುಹೋಗುವ ಪೈಕಿ. ಅಕ್ಕನಿಗೂ ಅವಳಿಗೂ ಒಂದೇ ವಯಸ್ಸು, ಗಿಡದ ಸಾಲೂ ಅಕ್ಕಪಕ್ಕ. ನನ್ನ ಪರೀಕ್ಷೆಗಳು ಬಂದಾಗ ಅಕ್ಕ ರಾಗಿಹಿಟ್ಟು, ಉಪ್ಪಿನಕಾಯಿ ಹೊತ್ತು ಹಾಸನದ ನನ್ನ ಕೋಣೆಗೆ ಬರುತ್ತಿದ್ದಳು. ಆ ದಿನಗಳಲ್ಲಿ ಅಕ್ಕನ ಸಾಲನ್ನೂ ಸೇಸಮ್ಮನೇ ಕೊಯ್ದು, ಅಕ್ಕನ ಕೂಲಿ ಮುರಿಯದಂತೆ ಅವಳ ಹೆಸರಿನ ಚೀಲವನ್ನೂ ತುಂಬಿಸಿ ಇಡುತ್ತಿದ್ದಳು. ಸಮುದ್ರ ಹೇಗಿರುತ್ತದೆ ಎಂದು ನನಗೆ ಮೊದಲು ಹೇಳಿದ್ದೂ ಅವಳೇ. “ನಿಮ್ಮ ಈ ಗುಡ್ಡ ಎಲ್ಲ ತಂದು ಹಾಕಿದ್ರೂ ತುಂಬುದಿಲ್ಲ ಮಾರಾಯ, ಅಷ್ಟುಂಟು.” ಮೂವತ್ತೊಂದು ವರ್ಷ ಪಾಠ ಮಾಡಿಯೂ ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರಲಿಲ್ಲ.

ಅವಳಿಗೆ ತವರಿರಲಿಲ್ಲ. ಕೊನೆಯ ಸಲ ಘಟ್ಟ ಇಳಿದು ಹೋಗುವಾಗ ನಮ್ಮಮ್ಮ ಅವಳನ್ನು ಮಣೆಯ ಮೇಲೆ ಕೂರಿಸಿ, ಮನೆಮಗಳಿಗೆ ಮಾಡುವ ಹಾಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಬಳೆ, ರವಿಕೆ ಕಣ ಇಟ್ಟು ಮಡಿಲು ತುಂಬಿದಳು. ಅಮ್ಮ ಹೋದ ಮೇಲೆ ಆ ಬಾಧ್ಯತೆ ತನ್ನದು ಎಂದು ಅಕ್ಕ ತಿಳಿದಿದ್ದಳು. ತೀರಿಸಲು ಅವಕಾಶ ಸಿಕ್ಕಿರಲಿಲ್ಲ. ಸಂಸಾರ, ಮೊಮ್ಮಕ್ಕಳು, ಮಂಡಿನೋವು. ಯಾರಾದರೂ ನಂಬರು ಒತ್ತಿಕೊಟ್ಟರೆ ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದರು.

ಈಗ ಹಡಗಿನ ಮಾತಿಗೆ ಬರುತ್ತೇನೆ. ಭೂಗೋಳದವನೆಂಬ ಕಾರಣಕ್ಕೆ, ಯಾವ ಬಂದರಿನಲ್ಲಿ ಇಳಿದು ಏನು ನೋಡುವುದು ಎಂದು ಗೊತ್ತುಮಾಡುವ ಕೆಲಸ ನನ್ನ ಪಾಲಿಗೆ ಬಂತು. ಬಂತು ಅನ್ನುವುದಕ್ಕಿಂತ ನಾನೇ ತೆಗೆದುಕೊಂಡೆ. ಒಂದು ಫಾರಂ ಮಾಡಿಸಿದೆ. ಗುಡಿಯೋ, ಕೋಟೆಯೋ, ಕಾರ್ಖಾನೆಯೋ. ಎಷ್ಟು ಮೆಟ್ಟಿಲು ಹತ್ತಬಲ್ಲಿರಿ. ಮಧ್ಯಾಹ್ನದ ಊಟಕ್ಕೆ ಮೀನು ಆಗುತ್ತದೆಯೋ ಇಲ್ಲವೋ. ಹಿಂದಿ ಮೇಡಂ ಒಬ್ಬರು ಎರಡು ಪುಟ ಹೆಚ್ಚುವರಿ ಬರೆದುಕೊಟ್ಟರು. ಅದನ್ನೂ ಗಂಭೀರವಾಗಿ ಓದಿ, ಫೋನು ಮಾಡಿ ಚರ್ಚಿಸಿದೆ. ಅಕ್ಕನ ಫಾರಂ ಮಾತ್ರ ನಾನೇ ತುಂಬಿದೆ. ರೇಷನ್ ಕಾರ್ಡಿನಿಂದ ಹಿಡಿದು ಅವಳ ಕಾಗದಪತ್ರಗಳನ್ನೆಲ್ಲ ಇಷ್ಟು ವರ್ಷ ತುಂಬಿದವನು ನಾನೇ. ಕೇಳುವ ಅಭ್ಯಾಸವೇ ಇರಲಿಲ್ಲ. ಗೋವಾ, ಗುಡಿ. ಮಂಗಳೂರು, ಗುಡಿ. ಕೊಚ್ಚಿ, ಗುಡಿ.

ಸಹಿ ಹಾಕಿಸಲು ಪಾಳ್ಯದ ಅವಳ ಮನೆಗೆ ಹೋದಾಗ ಅಕ್ಕ ಒಂದೇ ಒಂದು ಪ್ರಶ್ನೆ ಕೇಳಿದಳು.

“ಮಂಗ್ಳೂರಲ್ಲಿ ಎಷ್ಟೊತ್ತು ನಿಲ್ತದೋ?”

ಬೆಳಗ್ಗೆ ಎಂಟರಿಂದ ಸಂಜೆ ಐದು ಎಂದೆ.

“ಹಂಗಾರೆ ಸೇಸೀನ ನೋಡ್ಬೋದು. ಅವ್ಳ ಮಗಳ ಮನೆ ಬಂದರಿನ ತಾವೇ ಐತಂತೆ.”

ಆಯ್ತಕ್ಕ, ಅದೆಲ್ಲ ನಾನು ನೋಡ್ಕೋತೀನಿ ಎಂದು ಪೆನ್ನು ಕೊಟ್ಟೆ. ಅವಳು ಕಷ್ಟಪಟ್ಟು ಹೆಸರು ಬರೆದಳು. ನಾನು ಫಾರಂ ಮಡಚಿ ಫೈಲಿಗೆ ಸೇರಿಸಿದೆ. ಸೇಸಮ್ಮನ ಹೆಸರನ್ನು ಎಲ್ಲೂ ಬರೆಯಲಿಲ್ಲ. ಮರೆತೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮಂಗಳೂರೇನು, ಬಾಳ್ಳುಪೇಟೆಯಲ್ಲಿ ಬಸ್ಸು ಹತ್ತಿದರೆ ಯಾವತ್ತು ಬೇಕಾದರೂ ಹೋಗಬಹುದಾದ ಊರು, ಅದಕ್ಕೆ ಹಡಗಿನ ಒಂದು ದಿನ ಕೊಡಬೇಕೇ ಎಂದುಕೊಂಡೆ. ಇನ್ನೊಂದು ಕಾರಣವೂ ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಹಡಗಿನಲ್ಲಿ ಅಕ್ಕ ನನಗಿಂತ ಬೇಗ ಒಗ್ಗಿಕೊಂಡಳು. ನಾನು ಮೊದಲ ದಿನವೆಲ್ಲ ನಿಂಬೆಹಣ್ಣು ಮೂಸುತ್ತ ಮಲಗಿದ್ದರೆ ಅವಳು ಮೇಲಿನ ಅಟ್ಟಕ್ಕೆ ಹೋಗಿ ಕೂತು ನೀರು ನೋಡುತ್ತಿದ್ದಳು. ಅಪಾಯದ ಗಂಟೆ ಬಾರಿಸಿದರೆ ಎಲ್ಲಿ ಸೇರಬೇಕೆಂದು ಅಭ್ಯಾಸ ಮಾಡಿಸಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಾಗ, ಎಸ್ಟೇಟಿನ ಬೆಳಗಿನ ಹಾಜರಿ ಇದ್ದ ಹಾಗೇ ಐತೆ ಎಂದು ನಕ್ಕಳು. ಗೋವಾದಲ್ಲಿ ನಾನು ಕೈಯಲ್ಲಿ ಪಟ್ಟಿ ಹಿಡಿದು ಹೆಸರು ಕೂಗಿ ಟಿಕ್ ಹಾಕುವುದನ್ನು ನೋಡಿ, “ನೀನು ಥೇಟ್ ನಮ್ಮ ರೈಟರ್ ಆಗ್ಬುಟ್ಟೆ ಕಣೋ” ಎಂದಳು. ಲೈನಿನ ಕೂಲಿಯವರ ಹಾಜರಿ ಹಿಡಿಯುತ್ತಿದ್ದ ರೈಟರನ್ನು ಕಂಡರೆ ಆಗ ಅವಳಿಗೆ ನಡುಕ. ತಮಾಷೆಗೆ ಹೇಳಿದಳೆಂದು ನಾನೂ ನಕ್ಕೆ.

ಮಂಗಳೂರಿನ ಬೆಳಗ್ಗೆ ಅಕ್ಕ ರೇಷ್ಮೆ ಸೀರೆ ಉಟ್ಟು, ಬಟ್ಟೆಯ ಗಂಟೊಂದನ್ನು ಹಿಡಿದು ಬಂದಳು. ಏನೆಂದು ಕೇಳಲು ನನಗೆ ಪುರುಸೊತ್ತಿರಲಿಲ್ಲ. ಹಡಗಿನವರು ನಮ್ಮ ಗುಂಪಿಗೇ ಒಂದು ಬಸ್ಸು ಕೊಟ್ಟಿದ್ದರು. ಗೈಡಿನ ಕೈಯಿಂದ ಮೈಕು ತೆಗೆದುಕೊಂಡು ನಾನು ಬಂದರಿನ ಆಳ, ಆಮದು, ರಫ್ತು ಎಲ್ಲ ಹೇಳುತ್ತಿದ್ದೆ. ಬಂದರಿನ ಗೇಟಿನಲ್ಲಿ ಕಾಗದ ನೋಡಲು ಬಸ್ಸು ನಿಂತು, ಮತ್ತೆ ಹೊರಟಿತು. ಆಗ ಅಕ್ಕ ಸೀಟಿನಿಂದ ಎದ್ದಳು. ಕಿಟಕಿಯ ಗಾಜನ್ನು ಬಡಿದಳು. ಅದು ತೆರೆಯುವ ಕಿಟಕಿಯಲ್ಲ. ಹೊರಗಿನವರಿಗೆ ಒಳಗಿನದು ಕಾಣದಂಥ ಕಪ್ಪು ಗಾಜು.

“ಫೋನ್ ಮಾಡ್ಸಿದ್ದೆ, ಸೇಸಿ ಬಂದು ನಿಂತವ್ಳೆ ಕಣೋ. ಒಂದ್ಗಳಿಗೆ ನಿಲ್ಸಕ್ಕೇಳು.”

ನೋಡಿದೆ. ರಸ್ತೆಯ ಪಕ್ಕ, ಹೂ ಮಾರುವವಳ ಕೊಡೆಯ ಪಕ್ಕದಲ್ಲಿ, ತೆಳ್ಳಗಿನ ಮುದುಕಿಯೊಬ್ಬಳು ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನಮ್ಮ ಬಸ್ಸನ್ನೇ ನೋಡುತ್ತಿದ್ದಳು. ಅಕ್ಕ ಒಳಗಿನಿಂದ ಕೈ ಬೀಸುತ್ತಿದ್ದಳು. ಯಾರು ಅದು ಎಂದು ಹಿಂದಿನ ಸೀಟಿನ ಹಿಂದಿ ಮೇಡಂ ಕೇಳಿದರು. ಇಪ್ಪತ್ತು ಜೊತೆ ಕಣ್ಣು ನನ್ನ ಮೇಲಿತ್ತು. ಲೈನಿನಲ್ಲಿ ನಮ್ಮಕ್ಕನ ಜೊತೆ ಕೂಲಿ ಮಾಡಿದವರು, ಇವರು ತುಂಬಿದ ಚೀಲದಿಂದ ನಾನು ಪರೀಕ್ಷೆ ಬರೆದೆ ಎಂದು ಹೇಳಬಹುದಿತ್ತು. ಕೈಯಲ್ಲಿ ಮೈಕೂ ಇತ್ತು. ಭಾಷಣದಲ್ಲಿ ಬಡತನ ಹೇಳಿಕೊಳ್ಳುವುದು ಬೇರೆ, ಅದು ರಸ್ತೆ ಪಕ್ಕದಲ್ಲಿ ಬರಿಗಾಲಲ್ಲಿ ನಿಂತಿರುವಾಗ ಬಸ್ಸು ನಿಲ್ಲಿಸುವುದು ಬೇರೆ. ನಮ್ಮ ಕಡೆಯವರು ಯಾರೋ ಎಂದೆ. ಅಕ್ಕನಿಗೆ, ಕೂತ್ಕೊ, ಬರುವಾಗ ಇಳಿಸ್ತೀನಿ ಎಂದೆ.

ಅವಳು ಕೂತಳು. ಎಷ್ಟು ಸಲೀಸಾದ ಕೆಲಸವಿತ್ತು ಎಂದು ಈಗ ಯೋಚಿಸುತ್ತೇನೆ. ಅಕ್ಕನೊಬ್ಬಳನ್ನು ಅಲ್ಲೇ ಇಳಿಸಿ, ಸಂಜೆ ಅಲ್ಲಿಂದಲೇ ಹತ್ತಿಸಿಕೊಳ್ಳಬಹುದಿತ್ತು. ಅವರಿಬ್ಬರಿಗೆ ಇಡೀ ಹಗಲು ಸಿಗುತ್ತಿತ್ತು.

ಗುಡಿ ನೋಡಿದೆವು. ದೀಪಸ್ತಂಭ ಹತ್ತಿದೆವು. ಗೋಡಂಬಿ ಕಾರ್ಖಾನೆಯಲ್ಲಿ ಹೆಂಗಸರು ಸಾಲಾಗಿ ಕೂತು ಬೀಜ ಆರಿಸುತ್ತಿದ್ದರು. ಅಕ್ಕ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅವರ ಪಕ್ಕ ಕೂತು ತಾನೂ ಆರಿಸತೊಡಗಿದಳು. ನಮ್ಮವರು ಫೋಟೋ ತೆಗೆದರು. ಅವಳು ತಲೆ ಎತ್ತಲಿಲ್ಲ.

ಹಿಂದಿರುಗಿದಾಗ ನಾಲ್ಕೂ ಕಾಲು. ನಾಲ್ಕೂವರೆಗೆ ಹಡಗು ಸೇರಬೇಕು. ಈ ಸಲ ನಾನೇ ಬಸ್ಸು ನಿಲ್ಲಿಸಿದೆ. ಕೊಡೆಯ ಪಕ್ಕ ಯಾರೂ ಇರಲಿಲ್ಲ. ಅಕ್ಕ ಇಳಿದು ಕೇಳಿದಾಗ ಹೂವಿನವಳು ಹೇಳಿದಳು: “ಒಬ್ರು ಅಜ್ಜಿ ಇದ್ರು. ಎರಡು ಗಂಟೆವರೆಗೆ ನಿಂತಿದ್ರು. ಬರುವ ಬಸ್ಸು, ಹೋಗುವ ಬಸ್ಸು ಎಲ್ಲ ನೋಡಿದ್ರು. ಕೂತ್ಕೊಳ್ಳಿ ಅಂದ್ರೂ ಕೂತಿಲ್ಲ. ಮತ್ತೆ ಮಗಳು ಬಂದು ಕರ್ಕೊಂಡು ಹೋದ್ಲು.”

ಅಕ್ಕ ಗಂಟು ಬಿಚ್ಚಿದಳು. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಹಸಿರು ಗಾಜಿನ ಬಳೆ, ರವಿಕೆ ಕಣ. ಮಡಿಲಿಗೆಂದು ಕಟ್ಟಿದ ಅಕ್ಕಿಯನ್ನು ವಾಪಸು ತರಬಾರದು ಎನ್ನುವುದು ನಮ್ಮಮ್ಮನ ಕಟ್ಟು. ಗುರುತು ಪರಿಚಯವಿಲ್ಲದ ಆ ಹೂವಿನವಳಿಗೆ ಸೆರಗು ಒಡ್ಡಲು ಹೇಳಿ ಎಲ್ಲವನ್ನೂ ತುಂಬಿದಳು. ಆಕೆ ಗಾಬರಿಯಾಗಿ ಒಂದು ಮೊಳ ಮಲ್ಲಿಗೆ ಕೊಟ್ಟಳು. ನಾನು ಗಡಿಯಾರ ನೋಡಿಕೊಳ್ಳುತ್ತಿದ್ದೆ.

ಬೇಸಗೆ ಕಳೆಯುವುದರೊಳಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಹಡಗಿನಲ್ಲಿ ಹೇಳಿದ್ದೆ. ಬೇಸಗೆಯಲ್ಲಿ ನೆಂಟರ ಮದುವೆಗಳು ಬಂದವು. ಮಳೆಯಲ್ಲಿ ಘಟ್ಟದ ರಸ್ತೆ ಕುಸಿಯಿತು. ಕಾರ್ತಿಕದಲ್ಲಿ ಸೇಸಮ್ಮ ತೀರಿಕೊಂಡಳು. ಅಕ್ಕ ತನ್ನ ಮಗನ ಜೊತೆ ಬಸ್ಸಿನಲ್ಲಿ ಹೋಗಿ ಬಂದಳು. ನನಗೆ ಹೇಳಲಿಲ್ಲ. ಹೋಗಿಬಂದದ್ದು ನನಗೆ ಗೊತ್ತಾಗಿದ್ದು ಎಂಟು ದಿನ ಕಳೆದ ಮೇಲೆ.

ಆಗಿ ಮೂರು ವರ್ಷವಾಯಿತು. ಹಬ್ಬಕ್ಕೆ ಹೋಗುತ್ತೇನೆ, ಬರುತ್ತಾಳೆ, ಮಾತಾಡುತ್ತೇವೆ. ಆ ದಿನದ ಮಾತು ಮಾತ್ರ ಇಬ್ಬರೂ ಎತ್ತಿಲ್ಲ. ಅಕ್ಕ ಮರೆತಿರಬೇಕು ಎಂದುಕೊಂಡು ನಾನು ನೆಮ್ಮದಿಯಾಗಿದ್ದೆ. ನನ್ನ ತಪ್ಪುಗಳನ್ನು ಅವಳು ಯಾವಾಗಲೂ, ನಾನು ಕೇಳುವ ಮೊದಲೇ ಮನ್ನಿಸಿಬಿಟ್ಟಿದ್ದಾಳೆ.

ಜರ್ಕಿನ್ನು ಬಿಸಿಲಿಗೆ ಬಿದ್ದ ಮಾರನೆಯ ದಿನ ಪಾಳ್ಯಕ್ಕೆ ಹೋದೆ. ಅಕ್ಕ ಜಗುಲಿಯ ಮೇಲೆ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಕಾಫಿ ಕುಡಿದೆ. ಮಳೆಯ ವಿಷಯ, ಅವಳ ಮಂಡಿಯ ವಿಷಯ ಎಲ್ಲ ಮಾತಾಡಿದೆ. ಕೊನೆಗೆ, “ಅಕ್ಕ, ಅವತ್ತು ಗೇಟಿನ ಹತ್ರ ಬಸ್ ನಿಲ್ಲಿಸ್ಬೇಕಾಗಿತ್ತು” ಎಂದೆ. ಹೋಗ್ಲಿ ಬುಡು ಎನ್ನುತ್ತಾಳೆ ಎಂದು ಕಾದೆ.

ಮೊರ ನಿಂತಿತು. ಅಕ್ಕ ನನ್ನ ಮುಖ ನೋಡಿದಳು.

“ಹೂಂ. ನಿಲ್ಲಿಸ್ಬೇಕಾಗಿತ್ತು ಕಣೋ” ಎಂದಳು.

ಅಷ್ಟೇ. ಆಮೇಲೆ ಮೊರದಲ್ಲಿದ್ದ ಅರ್ಧ ಹುರುಳಿಯನ್ನು ನನ್ನ ಮುಂದಿನ ತಟ್ಟೆಗೆ ಸುರಿದು, ಕಲ್ಲು ಆರಿಸು ಎಂದಳು. ಬಿಸಿಲು ಇಳಿಯುವವರೆಗೂ ಕೂತು ಆರಿಸಿದೆ.