ಆನಂದತೀರ್ಥ ಮಾಸ್ತರರ ಮಡಿ ಬ್ಯಾಟರಿ

ಚಿತ್ತಾಪುರದ ನಮ್ಮ ಓಣಿಯಲ್ಲಿ ಕಟ್ಟುನಿಟ್ಟಾಗಿ ಮಡಿ ಹಿಡಿದದ್ದು ಎರಡೇ ಜೀವ. ಒಂದು ಆನಂದತೀರ್ಥ ಮಾಸ್ತರು, ಇನ್ನೊಂದು ಅವರ ವ್ಯಾನಿನ ಬ್ಯಾಟರಿ. ಮಾಸ್ತರರ ಹೆಂಡತಿ ಪದ್ಮಾಬಾಯಿಯವರನ್ನು ನಾನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ, ಆಕೆಯನ್ನು ಯಾರೂ ಕೇಳಿರಲಿಲ್ಲ. ಈ ಮಾತಿಗೆ ಯಾರಿಗಾದರೂ ಸಿಟ್ಟು ಬಂದರೆ ಬರಲಿ. ನೆಲಕ್ಕೆ ಹಾಸುವ ಫರ್ಸಿಕಲ್ಲಿನ ವ್ಯಾಪಾರ ಮಾಡಿಕೊಂಡು ಅವರ ಎದುರುಮನೆಯಲ್ಲೇ ಬಾಳಿದವನು ನಾನು, ಕಂಡದ್ದನ್ನೇ ಹೇಳುತ್ತಿದ್ದೇನೆ.

ಮಾಸ್ತರು ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ತೊಂಬತ್ತೈದರಲ್ಲಿ ನಿವೃತ್ತರಾದರು. ಹಾರ ಹಾಕಿಸಿಕೊಂಡು ಮನೆಗೆ ಬಂದ ಸಂಜೆಯೇ ಪದ್ಮಾಬಾಯಿ ಬಹುಕಾಲದಿಂದ ನುಂಗಿಕೊಂಡಿದ್ದ ಆಸೆಯನ್ನು ಹೇಳಿಬಿಟ್ಟರು: ರಾಮೇಶ್ವರಕ್ಕೆ ಹೋಗಿ ಸಮುದ್ರಸ್ನಾನ ಮಾಡಬೇಕು. ಆಕೆ ಸಮುದ್ರ ಕಂಡವರಲ್ಲ. ಕಾಣುವುದಾದರೂ ಹೇಗೆ? ಮಾಸ್ತರು ಬೇರೆಯವರು ಮುಟ್ಟಿದ ನೀರು ಕುಡಿಯುವವರಲ್ಲ, ಹೆಂಡತಿಗೂ ಕುಡಿಯಗೊಡುವವರಲ್ಲ. ಕಟ್ಟಿಕೊಂಡ ಬುತ್ತಿ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಅವರ ಭೂಗೋಳ ಮುಗಿಯುತ್ತಿತ್ತು. ಆ ಲೆಕ್ಕದಲ್ಲಿ ಮಂತ್ರಾಲಯವೇ ದೇಶದ ತುದಿ.

"ನೀ ಮನಿ ಬಿಟ್ಟು ಹೋಗೂದೇ ಬ್ಯಾಡ. ಮನೀನ ನಿನ್ನ ಜೋಡಿ ಬರೋ ಹಂಗ ಮಾಡ್ತೀನಿ" ಎಂದರು ಮಾಸ್ತರು.

ಶಹಾಬಾದಿನ ವ್ಯಾಪಾರಿಯೊಬ್ಬರ ಹಳೆಯ ಮೆಟಡೋರ್ ವ್ಯಾನು ಬಂತು. ಹಿಂದಿನ ಸೀಟು ಕಿತ್ತು ಒಂದು ಬದಿಗೆ ಮಲಗುವ ಹಲಗೆ, ಇನ್ನೊಂದು ಬದಿಗೆ ಒಲೆಕಟ್ಟೆ, ಮೂಲೆಯಲ್ಲಿ ದೇವರ ಪೆಟ್ಟಿಗೆ, ಮೇಲೆ ಮಡಿಸೀರೆ ಒಣಹಾಕುವ ಕೋಲು. ಇದಲ್ಲದೆ ಸಣ್ಣ ಫ್ಯಾನು, ಟ್ಯೂಬ್‌ಲೈಟು, ದಾಸರ ಪದ ಕೇಳಲು ಟೇಪ್‌ರೆಕಾರ್ಡರು. ಇವುಗಳಿಗೆಂದೇ, ಇಂಜಿನ್ನಿನದು ಬಿಟ್ಟು, ಬೇರೆ ದೊಡ್ಡ ಬ್ಯಾಟರಿ. ಅದಕ್ಕೆ ಜಾಗ ಸಿಕ್ಕಿದ್ದು ದೇವರ ಪೆಟ್ಟಿಗೆಯ ಕೆಳಗೆ. ಹಾಗಾಗಿ ಅದೂ ಮಡಿಗೆ ಬಿತ್ತು.

ಬ್ಯಾಟರಿಗೆ ಆಗಾಗ ನೀರು ತುಂಬಬೇಕಲ್ಲ. ವಾಡಿಯ ಬ್ಯಾಟರಿ ಅಂಗಡಿಯ ಸೂರ್ಯಕಾಂತ ಡಿಸ್ಟಿಲ್ಡ್ ವಾಟರಿನ ಕ್ಯಾನು ತಂದು ಮುಂದಿಟ್ಟ. ಮಾಸ್ತರು ಅದನ್ನು ದೂರದಿಂದಲೇ ನೋಡಿದರು.

"ಇದನ್ನ ಯಾರು ತುಂಬ್ಯಾರ?"

"ಹೈದರಾಬಾದಿಂದ ಬರ್ತದ ರೀ ಸರ್. ಫ್ಯಾಕ್ಟರ್ಯಾಗ ತುಂಬತಾರ."

"ಫ್ಯಾಕ್ಟರ್ಯಾಗ ಯಾರು?"

ಸೂರ್ಯಕಾಂತ ತಲೆ ಕೆರೆದುಕೊಂಡ. ದೇವರ ಬುಡದಲ್ಲಿಡುವ ವಸ್ತುವಿಗೆ ಊರುಕೇರಿ ಗೊತ್ತಿಲ್ಲದವರ ಕೈನೀರು ಬೇಡವೆಂದು ಮಾಸ್ತರು ಎದ್ದು ಬಂದರು.

ಅಂದಿನಿಂದ ಪ್ರತಿ ಶನಿವಾರ ಬೆಳಿಗ್ಗೆ ಮಾಸ್ತರು ಒದ್ದೆ ಪಂಚೆಯಲ್ಲಿ ಹಿತ್ತಲ ಬಾವಿಯ ನೀರು ಸೇದಿ, ಮಡಿಬಟ್ಟೆಯಲ್ಲಿ ಸೋಸಿ, ಉದ್ಧರಣೆಯಿಂದ ಬ್ಯಾಟರಿಯ ಒಂದೊಂದು ಬಾಯಿಗೂ ತೀರ್ಥದಂತೆ ಹಾಕುತ್ತಿದ್ದರು. ನಮ್ಮ ಕಡೆಯ ಬಾವಿಗಳೆಲ್ಲ ಫರ್ಸಿಕಲ್ಲು ಒಡೆದು ತೋಡಿದವು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ, ಕಾಯಿಸಿದ ಹಂಡೆಯೊಳಗೆ ಸುಣ್ಣ ಕಟ್ಟುತ್ತದೆ. ಆ ಸುಣ್ಣ ಕೆರೆದು ಕೆರೆದು ಪದ್ಮಾಬಾಯಿಯ ಉಗುರು ಸವೆದಿದ್ದವು. ಹಂಡೆಗೆ ಕಟ್ಟುವ ಸುಣ್ಣ ಬ್ಯಾಟರಿಯೊಳಗೂ ಕಟ್ಟುತ್ತದೆಂದು ಆಕೆ ಹೇಳಿಯೂ ಹೇಳಿದರು.

"ಹಂಡಿಗೆ ಬೆಂಕಿ ಹಚ್ತೀವಿ. ಇದಕ್ಕೇನು ಬೆಂಕಿ ಹಚ್ತೀವೇನು?" ಎಂದು ಮಾಸ್ತರು ಆಕೆಯ ಬಾಯಿ ಮುಚ್ಚಿಸಿದರು. ಸಂಸ್ಕೃತ ಓದಿದವರ ತರ್ಕ, ನಾವೇನು ಹೇಳುವುದು!

ಮರುವರ್ಷ ಮುಹೂರ್ತ ನೋಡಿ ಹೊರಟರು. ನಾಲವಾರ ದಾಟುವಷ್ಟರಲ್ಲಿ ಫ್ಯಾನು ನಿಂತಿತು. ಟೇಪ್‌ರೆಕಾರ್ಡರಿನೊಳಗಿನ ದಾಸರು ದನಿ ಎಳೆದೆಳೆದು ಸುಮ್ಮನಾದರು. ಇಂಜಿನ್ನು ಮಾತ್ರ ಗುಡುಗುಡು ಚೆನ್ನಾಗಿಯೇ ಓಡುತ್ತಿತ್ತು. "ಗಾಡಿ ನಡದದಲ್ರಿ, ಹೋಗಮು" ಎಂದ ಡ್ರೈವರ್ ಚಂದ್ರಾಮ. ದೇವರ ಮುಂದೆ ಬೆಳಕಿಲ್ಲದೆ ಹೇಗೆ ಹೋಗುವುದೆಂದು ಮಾಸ್ತರು ವ್ಯಾನು ತಿರುಗಿಸಿದರು. ಹಣತೆ, ಎಣ್ಣೆ, ಬತ್ತಿ ಎಲ್ಲ ಪದ್ಮಾಬಾಯಿಯ ಬುಟ್ಟಿಯಲ್ಲಿದ್ದವು.

ಆಮೇಲೆ ಶುರುವಾಯಿತು ನೋಡಿ ಯಾತ್ರೆ, ಬ್ಯಾಟರಿಯದ್ದು. ಸೇಡಂನಲ್ಲಿ, ಬೇರೆಯವರು ಮುಟ್ಟದಂತೆ ಪಕ್ಕದಲ್ಲೇ ಕಾವಲು ಕೂತು, ಚಾರ್ಜಿಗೆ ಹಾಕಿಸಿದರು. ಕೋಡ್ಲಾಕ್ಕೆ ಹೋಗಿ ಸಿಮೆಂಟ್ ಕಾರ್ಖಾನೆಯ ಇಲೆಕ್ಟ್ರಿಷಿಯನ್‌ಗೆ ತೋರಿಸಿದರು. ಚಿಂಚೋಳಿಯಲ್ಲಿ ಕರೆಂಟು ಚೆನ್ನಾಗಿದೆ ಎಂದು ಯಾರೋ ಅಂದದ್ದಕ್ಕೆ ಅದನ್ನು ಅಲ್ಲಿನ ಬೀಗರ ಮನೆಯಲ್ಲಿ ವಾರಗಟ್ಟಲೆ ಇರಿಸಿದರು. ಹೋದಲ್ಲೆಲ್ಲ ನೀರು ಬದಲಿಸಿ ಎಂದರು, ಇವರು ಊರು ಬದಲಿಸಿದರು. ಬ್ಯಾಟರಿ ಇಷ್ಟು ತಾಲ್ಲೂಕು ತಿರುಗುವಾಗ ಪದ್ಮಾಬಾಯಿ ಬಾವಿಯಿಂದ ಒಲೆಗೆ, ಒಲೆಯಿಂದ ಬಾವಿಗೆ ತಿರುಗುತ್ತಿದ್ದರು.

ಮನೆಯಲ್ಲಿ ಚಾರ್ಜಿಗೆ ಹಾಕಿದ ದಿನ ವೋಲ್ಟೇಜು ಇಳಿಯುತ್ತದೆಂದು ಮಿಕ್ಸರ್ ಹಚ್ಚುವಂತಿಲ್ಲ, ಚಟ್ನಿ ಒರಳಿಗೆ. ಹೆಂಡತಿಯ ಮೊಣಕಾಲಿಗೆ ಎಣ್ಣೆ ತರಲು ಮರೆಯುತ್ತಿದ್ದ ಮಹಾನುಭಾವರು ಬ್ಯಾಟರಿಯ ತುದಿಗೆ ವ್ಯಾಸಲೀನ್ ಹಚ್ಚಲು ಒಂದು ವಾರವೂ ಮರೆಯಲಿಲ್ಲ. ಮೊದಲನೆಯ ಬ್ಯಾಟರಿ ಪೂರ್ತಿ ಸತ್ತಾಗ ಸೂರ್ಯಕಾಂತ ಕೈ ಮುಗಿದು, "ನಿಮ್ಮ ಆಚಾರದ ಮುಂದ ನಾವೆಷ್ಟರವ್ರು ರೀ ಸರ್" ಎಂದು ಹೊಸದನ್ನು ಕೊಟ್ಟ. ಅದು ಸತ್ತಾಗಲೂ ಅಷ್ಟೇ ಭಕ್ತಿಯಿಂದ ಕೈ ಮುಗಿದ.

ಎರಡನೆಯ ಸಲ ಹೊರಟವರು ಊರ ಹೊರಗಿನಿಂದಲೇ ವಾಪಸಾದರು. ಮೂರನೆಯ ಸಲ, ತೊಂಬತ್ತೊಂಬತ್ತರ ಮಾಘದಲ್ಲಿ, ಪದ್ಮಾಬಾಯಿ ನನ್ನ ಹೆಂಡತಿ ಶರಣಬಸಮ್ಮನನ್ನೂ ಜೊತೆಗೆ ಕರೆದರು. ಸ್ನಾನದ ಪುಣ್ಯ ಲಿಂಗವಂತರಾದ ನಮಗೆ ಸಂಬಂಧವಿಲ್ಲದ್ದು, ಆದರೆ ಇವಳಿಗೂ ಸಮುದ್ರ ನೋಡುವ ಹುಚ್ಚು. ವಾಡಿಯಲ್ಲಿ ಕೆಲಸವಿದ್ದುದರಿಂದ ಅಲ್ಲಿಯವರೆಗೆ ಇವಳ ಜೊತೆ ಮುಂದೆ ಡ್ರೈವರ್ ಪಕ್ಕ ನಾನೂ ಹತ್ತಿದೆ.

ವಾಡಿ ಮುಟ್ಟುವಾಗ ಟ್ಯೂಬ್‌ಲೈಟು ಕಣ್ಣು ಮಿಟುಕಿಸಿ ಆರಿತು. ವ್ಯಾನು ಸೂರ್ಯಕಾಂತನ ಅಂಗಡಿ ಮುಂದೆ ನಿಂತಿತು. ಬ್ಯಾಟರಿಯನ್ನು ಇಳಿಸದೆ, ಅಂಗಡಿಯಿಂದ ವಾಯರು ಎಳೆದು ಚಾರ್ಜಿಗೆ ಕೊಟ್ಟರು. ನಾಳೆ ಬೆಳಗಿನತನಕ ಬಿಡಬೇಕೆಂದ ಸೂರ್ಯಕಾಂತ. ಮಾಸ್ತರು ಸ್ಟೂಲು ಹಾಕಿಕೊಂಡು ಅದರ ಪಕ್ಕ ಕೂತರು.

ಪದ್ಮಾಬಾಯಿ ಗಂಟು ಹಿಡಿದು ವ್ಯಾನಿನಿಂದ ಇಳಿದರು. "ಮದ್ರಾಸಿನ ಗಾಡಿ ಬರೂ ಹೊತ್ತಾಗೇದಂತ. ನಾವಿಬ್ರೂ ರೈಲಿಗೆ ಹೋಗ್ತೀವಿ."

"ಹುಚ್ಚು ಹಿಡೀತೇನು? ಏನು ತಿಂತಿ? ಯಾರ ನೀರು ಕುಡೀತಿ?"

"ಬಾಳಿಹಣ್ಣು ತಿಂತೀನಿ. ಎಳನೀರು ಕುಡೀತೀನಿ. ಅದನ್ನ ಯಾವ ಫ್ಯಾಕ್ಟರ್ಯಾಗೂ ತುಂಬಿಲ್ಲ."

"ಚಾರ್ಜ್ ಆಗೂತನಕ ತಡಿ."

"ನಾಲ್ಕು ವರ್ಷ ತಡದೀನಿ. ನೀವೂ ಬರ್ರಿ. ಏಳ್ರಿ."

ಆ 'ಏಳ್ರಿ'ಯಲ್ಲಿ ಇನ್ನೂ ಆಸೆ ಇತ್ತು. ಮಾಸ್ತರು ಅರ್ಧ ಎದ್ದರು. ಅಂಗಡಿಯ ಕೆಲಸದವರ ಕಡೆ ನೋಡಿದರು, ಬ್ಯಾಟರಿಯ ಕಡೆ ನೋಡಿದರು. "ನಾ ಎದ್ದು ಬಂದ್ರ ಇದನ್ನ ಮುಟ್ಟಿಬಿಡ್ತಾರ" ಎಂದು ಮತ್ತೆ ಕೂತರು.

ಇಬ್ಬರನ್ನೂ ನಾನೇ ಸ್ಟೇಷನ್ನಿಗೆ ಕರೆದೊಯ್ದು ಗಾಡಿ ಹತ್ತಿಸಿದೆ. ಜನರಲ್ ಡಬ್ಬಿಯ ನೂಕುನುಗ್ಗಲಿನಲ್ಲಿ ಯಾರ ಮೈ ಯಾರಿಗೆ ತಾಗಿತೋ ದೇವರೇ ಬಲ್ಲ. ಪದ್ಮಾಬಾಯಿ ಕಿಟಕಿಯ ಪಕ್ಕ ಜಾಗ ಹಿಡಿದು ನಗುತ್ತಿದ್ದರು.

ಶಿವರಾತ್ರಿ ಕಳೆದ ಮೇಲೆ ಇಬ್ಬರೂ ತಿರುಗಿ ಬಂದರು. ಬಿಸಿಲಿಗೆ ಪದ್ಮಾಬಾಯಿಯ ಮುಖ ಕಪ್ಪಾಗಿತ್ತು, ದನಿ ಒಂದು ಮೆಟ್ಟಿಲು ಮೇಲೇರಿತ್ತು. ಮಾಸ್ತರು ಅಂಗಳದ ವ್ಯಾನಿನಲ್ಲಿ ಬ್ಯಾಟರಿಗೆ ನೀರು ಹಾಕುತ್ತಿದ್ದರು. ಸುಖವಾಗಿ ಬಂದಿರಾ ಎಂದು ಕೇಳಲಿಲ್ಲ.

"ಸಂಕಲ್ಪ ಹೆಂಗ ಮಾಡಿದಿ? ನಾ ಇಲ್ಲದ ಸ್ನಾನ ಹೆಂಗ ಆಗ್ತದ?"

ಪದ್ಮಾಬಾಯಿ ಗಂಟನ್ನು ಕಟ್ಟೆಯ ಮೇಲಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು.

"ಅಲ್ಲಿ ಆಚಾರ್ರೂ ಅದನ್ನೇ ಕೇಳಿದ್ರು, ಯಜಮಾನ್ರು ಎಲ್ಲಿ ಅಂತ. ಬಂದಿಲ್ಲ ಅಂದೆ. ಹಾಸಿಗಿ ಹಿಡಿದು ಏಳಲಿಕ್ಕಾಗದವ್ರಾದ್ರ ಅವ್ರ ಹೆಸರೀಲೆ ನೀವು ಒಂದು ಮುಣುಗು ಹಾಕ್ರಿ, ಹೆಸರು, ಗೋತ್ರ ಹೇಳ್ರಿ ಅಂದ್ರು. ಲಗ್ನದಾಗ ಒಡಪಿನಾಗ ಅಂದಿದ್ದು ಬಿಟ್ರ ನಿಮ್ಮ ಹೆಸರು ನಾ ಬಾಯಿಲೆ ಅಂದಾಕಿ ಅಲ್ಲ. ಅವತ್ತು ಅಷ್ಟು ಮಂದ್ಯಾಗ ಗಟ್ಟಿಯಾಗಿ ಅಂದೆ. ಹಾಸಿಗಿ ಹಿಡದಾರ ಅಂತನೂ ಅಂದೆ."